ಸಂಧ್ಯಾಕಾಶದ ಬಣ್ಣಗಳ ಕಾರಣವನ್ನರಿತ ಲಾರ್ಡ್ ರೇಲೀಯವರು

ಸೂರ್ಯನು ಮುಳುಗುವ ವೇಳೆಯಲ್ಲಿ ಪಡುವಣ ದಿಕ್ಕು ಮೊದಲು ಹೊಂಬಣ್ಣವಾಗಿ, ತರುವಾಯ ಕಿತ್ತಳೆಯಾಗಿ, ಕಡೆಗೆ ಕೆಂಪಾಗುವುದನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ನಾವು ಉಸಿರಾಡುವ ವಾಯುವೇ ಸೂರ್ಯನ ಬಿಳಿಯ ಬೆಳಕನ್ನು ಬಿಡಿಸಿ ಈ ಬಣ್ಣಗಳನ್ನು ತೋರಿಸುವುದೆಂದು ಗಣಿತದಿಂದ ಸ್ಥಾಪಿಸಿದವರು ಇಂಗ್ಲೆಂಡಿನ ಲಾರ್ಡ್ ರೇಲೀಯವರು. ಸ್ತ್ರೀವಿದ್ಯೆಗೂ ಅವರಿಂದ ಉಪಕಾರವಾಗಿರುವುದರಿಂದ ಅವರ ಚರಿತ್ರೆಯು ಈ ಸಂಚಿಕೆಯ ವಾಚಕರಿಗೆ ಪ್ರಿಯವಾಗುವುದೆಂದು ನಂಬಿದ್ದೇವೆ.

ಜಾನ್ ವಿಲಿಯಂ ಸ್ಟ್ರಟ್ ಎಂಬುದು ಅವರ ಹುಟ್ಟುಹೆಸರು. ಅವರು 1842ನೆಯ ನವೆಂಬರ್ 12ರಂದು ಎಸೆಕ್ಸ್ ಪ್ರಾಂತದಲ್ಲಿ ಸಿರಿವಂತರಾದ ಜಮೀನುದಾರರ ಮನೆಯಲ್ಲಿ ಜನಿಸಿದರು. ಬಾಲ್ಯದಲ್ಲಿ ದೇಹಸ್ಥಿತಿಯು ಬಹು ದುರ್ಬಲವಾಗಿದ್ದುದರಿಂದ ಶಾಲೆಯ ಓದು ಪದೇ ಪದೇ ನಿಂತುಹೋಗುತ್ತಿತ್ತು. ಆದರೂ ಅವರು 1861ರಲ್ಲಿ ಕೇಂಬ್ರಿಜ್ ಸೇರಿ, 1865ರ ಗಣಿತ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲಿಗರಾದರು. 1873ರಲ್ಲಿ ತಂದೆಯು ತೀರಿಹೋಗಲು ರೇಲೀ ಎಂಬ ಪದವಿಯು ಅವರಿಗೆ ಬಂದಿತು. ಕೆಲವು ಕಾಲದ ಮೇಲೆ ಜಮೀನಿನ ಆಡಳಿತವನ್ನು ತಮ್ಮನಿಗೆ ಒಪ್ಪಿಸಿ, ಟರ್ಲಿಂಗಿನ ಸ್ವಗೃಹದಲ್ಲಿ ಪ್ರಯೋಗಶಾಲೆಯನ್ನು ಕಟ್ಟಿಕೊಂಡು ಶೋಧನೆಯಲ್ಲಿಯೇ ನಿರತರಾದರು.

ಅತಿ ಸೂಕ್ಷ್ಮವಾದ ಕಣಗಳ ಮೇಲೆ ಬಿದ್ದ ಬೆಳಕು ನೀಲಿಯಾಗಿ ಚದುರುವುದನ್ನು ಟಿಂಡಲ್ ಎಂಬ ವಿದ್ವಾಂಸರು 1869ರಲ್ಲಿ ಗಾಜಿನ ಕೊಳವೆಯೊಳಗೆ ತೋರಿಸಿದ್ದರು. ಹೀಗೇಕೆ ಆಗುವುದೆಂಬುದಕ್ಕೆ ರೇಲೀಯವರು 1871ರಲ್ಲಿ ಲೆಕ್ಕ ಹಾಕಿ ಉತ್ತರ ಕೊಟ್ಟರು. ಬೆಳಕು ಅಲೆಗಳಾಗಿ ಹರಿಯುವುದು. ನೀಲಿಯ ಅಲೆಗಳು ಗಿಡ್ಡ, ಕೆಂಪಿನ ಅಲೆಗಳು ಉದ್ದ. ಅಲೆಯ ಉದ್ದವು ಅರ್ಧವಾದರೆ ಚದುರುವಿಕೆಯು 16 ಪಟ್ಟು ಹೆಚ್ಚುವುದೆಂದು ಅವರು ಕಂಡರು. ಆದಕಾರಣ ನೀಲಿಯು ಕೆಂಪಿಗಿಂತ 4 ಪಟ್ಟಿಗೂ ಮಿಕ್ಕಿ ಚದುರಿ, ಹಗಲಿನಲ್ಲಿ ಆಕಾಶವನ್ನೆಲ್ಲಾ ತುಂಬುವುದು.

ಸಂಜೆಯ ಬಣ್ಣಗಳಿಗೂ ಇದೇ ನಿಯಮವು ಆಧಾರವಾಗಿದೆ. ನಡುನೆತ್ತಿಯಲ್ಲಿರುವ ಸೂರ್ಯನ ಕಿರಣಗಳು ದಾಟಬೇಕಾದ ವಾಯುವಿಗಿಂತ ಬಾನಂಚಿನಲ್ಲಿರುವಾಗ ದಾಟಬೇಕಾದ ವಾಯುವು ಸುಮಾರು 38 ಪಟ್ಟು. ಅಷ್ಟು ದೀರ್ಘವಾದ ದಾರಿಯಲ್ಲಿ ನೀಲಿಯು ಬಹುಮಟ್ಟಿಗೆ ಚದುರಿಹೋಗಿ, ಹಳದಿಯೂ ಕೆಂಪೂ ಮಾತ್ರವೇ ನಮ್ಮ ಕಣ್ಣನ್ನು ಮುಟ್ಟುವುವು. ಗಾಳಿಯಲ್ಲಿ ನವುರಾದ ಧೂಳಿದ್ದರೆ ಕೆಂಪು ಇನ್ನೂ ಗಾಢವಾಗುವುದು. 1883ರ ಆಗಸ್ಟಿನಲ್ಲಿ ಜಾವಾದ ಬಳಿಯ ಕ್ರಕಟೋವ ಜ್ವಾಲಾಮುಖಿಯು ಸಿಡಿದ ಮೇಲೆ, ಅದೇ ನವೆಂಬರಿನಲ್ಲಿ ದೂರದ ಲಂಡನ್ನಿನ ಸಂಜೆಗಳು ಕೂಡ ಬೆಂಕಿ ಹತ್ತಿದಂತೆ ಕಂಡವು.

ತಮ್ಮ ಲೆಕ್ಕದಿಂದಲೇ ರೇಲೀಯವರು ತೃಪ್ತರಾಗಲಿಲ್ಲ. ಬೆಳಕನ್ನು ಚದುರಿಸುವ ಕಣಗಳು ಯಾವುವು? ಗಾಳಿಯ ಅಣುಗಳೇ ಆಗಿರಬಾರದೇಕೆಂದು ಮ್ಯಾಕ್ಸ್‌ವೆಲ್ ಪಂಡಿತರು 1873ರಲ್ಲಿ ಪತ್ರ ಬರೆದು ವಿಚಾರಿಸಿದ್ದರು. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಮೊದಲ ಲೇಖನವಾದ 28 ವರ್ಷಗಳ ಮೇಲೆ, 1899ರಲ್ಲಿ, ಅವರು ಅದನ್ನು ಮತ್ತೆ ಕೈಗೆತ್ತಿಕೊಂಡರು. ಡಾರ್ಜಿಲಿಂಗಿನ ಸಮೀಪದಿಂದ ನೋಡಿದರೆ 100 ಮೈಲಿ ದೂರದ ಎವರೆಸ್ಟ್ ಶಿಖರವು ಸಾಕಷ್ಟು ಪ್ರಕಾಶವಾಗಿ ಕಾಣುವುದೆಂಬ ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಧೂಳಿಲ್ಲದಿದ್ದರೂ ವಾಯುವಿನ ಅಣುಗಳಿಂದಲೇ ಆಕಾಶವು ನೀಲಿಯಾಗಿರುವುದೆಂದು ತೀರ್ಮಾನಿಸಿದರು.

ಅವರು 1879ರಿಂದ 1884ರವರೆಗೆ ಕೇಂಬ್ರಿಜಿನ ಕ್ಯಾವೆಂಡಿಷ್ ಪ್ರಯೋಗಶಾಲೆಯ ಪ್ರಾಧ್ಯಾಪಕರಾಗಿದ್ದರು. 1882ರಲ್ಲಿ ಅಲ್ಲಿಯ ತರಗತಿಗಳನ್ನು ಪುರುಷರಿಗೆ ಸಮನಾಗಿ ಸ್ತ್ರೀಯರಿಗೂ ತೆರೆದುದು ಅವರ ಕೀರ್ತಿಯೇ ಸರಿ. ಆ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಟ್ಟುದು 1948ರಲ್ಲಿ ಎಂಬುದನ್ನು ನೆನೆದರೆ ಅವರ ಔದಾರ್ಯವು ಎಷ್ಟು ಮುಂಚಿನದೆಂದು ತಿಳಿಯುವುದು. ಅವರ ಪತ್ನಿಯ ಅಕ್ಕನವರಾದ ಎಲೆನರ್ ಸಿಜ್ವಿಕ್ ಎಂಬಾಕೆಯು ವಿದ್ಯುತ್ತಿನ ಅಳತೆಗಳನ್ನು ನಿಷ್ಕರ್ಷಿಸುವ ಸೂಕ್ಷ್ಮ ಕಾರ್ಯದಲ್ಲಿ ಅವರಿಗೆ ಸಹಾಯಕರಾಗಿದ್ದರು. ಲೇಖನಗಳಲ್ಲಿ ಆಕೆಯ ಹೆಸರೂ ಅವರ ಹೆಸರಿನೊಡನೆ ಅಚ್ಚಾಯಿತು. ಮುಂದೆ 1892ರಲ್ಲಿ ಆಕೆಯು ನ್ಯೂನಮ್ ಎಂಬ ಸ್ತ್ರೀಯರ ಕಾಲೇಜಿನ ಮುಖ್ಯಸ್ಥೆಯಾದರು.

ಗಾಳಿಯಿಂದ ಪಡೆದ ನೈಟ್ರೋಜನ್ನು ರಾಸಾಯನಿಕಗಳಿಂದ ಪಡೆದುದಕ್ಕಿಂತ ಸುಮಾರು 200ರಲ್ಲಿ ಒಂದು ಪಾಲು ಭಾರವಾಗಿರುವುದನ್ನು ರೇಲೀಯವರು ಅಲಕ್ಷಿಸದೆ ಹೋದುದರಿಂದಲೇ, ರ‍್ಯಾಮ್ಸೇಯವರೊಡನೆ ಆರ್ಗಾನ್ ಎಂಬ ಹೊಸ ಅನಿಲವನ್ನು ಕಂಡುಹಿಡಿಯುವಂತಾಯಿತು. ಅದಕ್ಕಾಗಿ 1904ರಲ್ಲಿ ದೊರೆತ ನೊಬೆಲ್ ಬಹುಮಾನದ ಹಣವನ್ನು ಅವರು ಕೇಂಬ್ರಿಜಿಗೆ ದಾನಮಾಡಿದರು. 1919ನೆಯ ಜೂನ್ 30ರಂದು, ತಮ್ಮ 76ನೆಯ ವಯಸ್ಸಿನಲ್ಲಿ, ಅವರು ದೈವಾಧೀನರಾದರು.

ಇಂತಹವರ ಅಭಿಪ್ರಾಯಗಳಿಗೂ ತಿದ್ದುಪಡಿ ಬೇಕಾಯಿತು. ಕಡಲಿನ ನೀಲಿಯು ಆಕಾಶದ ಪ್ರತಿಬಿಂಬವೇ ಎಂದು ಅವರು ಎಣಿಸಿದ್ದರು. ನೀರಿನ ಅಣುಗಳೂ ಬೆಳಕನ್ನು ಚದುರಿಸುವುವೆಂದು ಸರ್ ಸಿ. ವಿ. ರಾಮನ್ನರು 1921ರ ಸಮುದ್ರಯಾನದ ತರುವಾಯ ತೋರಿಸಿಕೊಟ್ಟರು. ಸೂರ್ಯನು ಮುಳುಗಿದ ಮೇಲೂ ನೆತ್ತಿಯ ಆಕಾಶವು ಕಡುನೀಲಿಯಾಗಿಯೇ ಉಳಿಯುವುದಕ್ಕೆ ಮೇಲಿನ ವಾಯುವಿನಲ್ಲಿರುವ ಓಜೋನ್ ಮುಖ್ಯ ಕಾರಣವೆಂಬುದು 1953ರಲ್ಲಿ ಹಲ್ಬರ್ಟ್ ಎಂಬುವರಿಂದ ತಿಳಿದುಬಂದಿತು. ಹಿರಿಯರು ಬಿಟ್ಟ ಕಡೆಯಿಂದ ಕಿರಿಯರು ಮುಂದುವರಿಯುವುದೇ ವಿದ್ಯೆಯ ಕ್ರಮವಲ್ಲವೇ?

ಸಂಜೆವಾನನ್ನು ತೋರಿಸಿ ಇದು ಏಕೆ ಕೆಂಪಾಯಿತೆಂದು ನಿಮ್ಮ ಮನೆಯ ಹುಡುಗಿಯು ಕೇಳಿದರೆ, ತಾಯಂದಿರೇ, ತಂದೆಗಳೇ, ಸುಮ್ಮನಿರೆಂದು ಹೇಳಬೇಡಿರಿ. ಆ ಪ್ರಶ್ನೆಯನ್ನು ಒಬ್ಬ ಮಹಾಪುರುಷರು 28 ವರ್ಷ ಬಿಡದೆ ಕಾಪಾಡಿದರು. ಅದನ್ನು ಕೇಳಲು ಬಂದ ಹೆಣ್ಣುಮಕ್ಕಳಿಗೆ ತಮ್ಮ ಶಾಲೆಯ ಬಾಗಿಲನ್ನೂ ತೆರೆದರು.