ದೀರ್ಘಧಾವಕ ಶ್ರೀ ಫಡೆಪ್ಪ ದರೆಪ್ಪ ಚೌಗುಲೆ

ಕಿತ್ತೂರು, ಸಂಗೊಳ್ಳಿ, ಬೈಲಹೊಂಗಲ, ಸಂಪಗಾಂವಗಳ ಈ ಸೀಮೆ ವೀರರ ನೆಲೆಯೆಂದು ಹೆಸರಾಂತುದು. ರಾಣಿ ಚೆನ್ನಮ್ಮನ ಧೈರ್ಯವನ್ನೂ ಸಂಗೊಳ್ಳಿ ರಾಯಣ್ಣನ ಪರಾಕ್ರಮವನ್ನೂ ಕೇಳದೆ ಬೆಳೆದ ಮಗು ಇಲ್ಲಿ ದೊರೆಯುವುದು ದುರ್ಲಭ. ಗರಡಿಮನೆಯ ಕೆಮ್ಮಣ್ಣು, ಜಾತ್ರೆಯ ಕುಸ್ತಿಕಣ, ಗುಂಡು ಎತ್ತುವ ಪಂದ್ಯ ಇವೆಲ್ಲ ನಮ್ಮ ಜನಜೀವನದಲ್ಲಿ ಹಾಸುಹೊಕ್ಕಾಗಿವೆ. ಗೆದ್ದ ಪೈಲವಾನನನ್ನು ಹೆಗಲ ಮೇಲೆ ಹೊತ್ತು ಮೆರೆಸುವ ಜನ ನಾವು. ಕ್ಷಣಮಾತ್ರದಲ್ಲಿ ಪ್ರಕಟವಾಗುವ ಬಲವನ್ನು ಗುರುತಿಸುವ ಕಣ್ಣು ನಮಗೆ ಪರಂಪರೆಯಿಂದಲೇ ಬಂದಿದೆ.

ಆದರೆ ಗಂಟೆಗಟ್ಟಲೆ ದುಡಿದರೂ ಕುಂದದ ಇನ್ನೊಂದು ಬಲವಿದೆ. ನಮ್ಮ ಕಡೆಯ ರೈತಾಪಿ ಜನ ಅದನ್ನು ‘ದಮ್ಮು’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಈ ದಮ್ಮಿಗೆ ಕಣವಿಲ್ಲ, ಹಲಗೆಯ ವಾದ್ಯವಿಲ್ಲ, ಮೆರವಣಿಗೆಯಿಲ್ಲ. ಅದು ಎಲ್ಲಿ ಅಡಗಿದೆಯೆಂದು ಹುಡುಕುವವರೂ ವಿರಳ. ಅಂತಹ ದಮ್ಮಿನ ಬಲದಿಂದಲೇ ನಮ್ಮ ಬೆಳಗಾವಿಯ ತರುಣನೊಬ್ಬ ನೂರು ವರ್ಷಗಳಿಗೂ ಹಿಂದೆ ಜಗತ್ತಿನ ಶ್ರೇಷ್ಠ ಓಟಗಾರರ ಸಾಲಿನಲ್ಲಿ ನಿಂತನು. ಆತನೇ ಶ್ರೀ ಫಡೆಪ್ಪ ದರೆಪ್ಪ ಚೌಗುಲೆ. ಅವರ ಜೀವನದ ಮುಖ್ಯ ಘಟನೆಯನ್ನೂ, ಅದರ ಹಿಂದೆ ದೇಹದೊಳಗೆ ನಡೆದಿರಬೇಕಾದ ಕಾರ್ಯವನ್ನೂ ನಮ್ಮ ಶಿಕ್ಷಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಚೌಗುಲೆಯವರು ಇಪ್ಪತ್ತನೆಯ ಶತಮಾನದ ಆರಂಭದ ಪೀಳಿಗೆಗೆ ಸೇರಿದವರು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ನಮ್ಮ ಸಂಪಗಾಂವ ತಾಲೂಕೂ ಅದರ ಒಂದು ಅಂಗವಾಗಿತ್ತು. ಪ್ರಾಂತದ ಕ್ರೀಡಾಪಟುಗಳು ಕೂಡುತ್ತಿದ್ದ ಮುಖ್ಯ ಸ್ಥಳಗಳಲ್ಲಿ ಒಂದು ಪುಣೆ. ಅಲ್ಲಿ 1906ರಲ್ಲಿ ಸ್ಥಾಪನೆಗೊಂಡ ಡೆಕ್ಕನ್ ಜಿಮಖಾನಾ ಸಂಸ್ಥೆಗೆ ಉದ್ಯಮಿ ಸರ್ ದೊರಾಬ್ಜಿ ಟಾಟಾ ಅವರು ಅಧ್ಯಕ್ಷರಾಗಿದ್ದರು. 1919ರ ಸುಮಾರಿಗೆ ಅಲ್ಲಿ ನಡೆದ ಕ್ರೀಡೋತ್ಸವದಲ್ಲಿ ಸುಮಾರು 25 ಮೈಲಿನ ಓಟವೊಂದನ್ನು ಅವರು ಕಂಡರು. ಓಡಿದವರು ಬಹುಮಟ್ಟಿಗೆ ಹೊಲದಲ್ಲಿ ದುಡಿಯುವ ಮಕ್ಕಳು. ಕಾಲಲ್ಲಿ ಪಾದರಕ್ಷೆಯಿಲ್ಲ, ಉಣ್ಣುವುದು ಬಡವರ ಆಹಾರ, ಓಡುವುದು ಜಲ್ಲಿಕಲ್ಲಿನ ರಸ್ತೆ. ಹೀಗಿದ್ದೂ ಮುಂಚೂಣಿಯಲ್ಲಿ ಬಂದವರ ವೇಳೆ ಯುರೋಪಿನ ಹೆಸರಾಂತ ಓಟಗಾರರ ವೇಳೆಗೆ ಹೋಲಿಸತಕ್ಕದ್ದಾಗಿತ್ತು. ಇವರನ್ನು ಒಲಿಂಪಿಕ್ ಕ್ರೀಡೆಗಳಿಗೆ ಏಕೆ ಕಳುಹಿಸಬಾರದು ಎಂಬ ವಿಚಾರ ಟಾಟಾ ಅವರ ಮನಸ್ಸಿನಲ್ಲಿ ಮೂಡಿತು. ಮುಂಬಯಿ ಗವರ್ನರರ ಮೂಲಕ ಪ್ರಯತ್ನ ನಡೆದು ಭಾರತಕ್ಕೆ ಪ್ರವೇಶ ದೊರೆಯಿತು. ಖರ್ಚಿನ ಭಾರದಲ್ಲಿ ದೊಡ್ಡ ಪಾಲನ್ನು ಟಾಟಾ ಅವರೇ ಹೊತ್ತರು.

1900ರಲ್ಲಿ ಪ್ಯಾರಿಸ್ಸಿನಲ್ಲಿ ನಾರ್ಮನ್ ಪ್ರಿಚರ್ಡ್ ಎಂಬವರು ಎರಡು ಬೆಳ್ಳಿ ಪದಕಗಳನ್ನು ಗಳಿಸಿದ್ದುಂಟು. ಆದರೆ ಭಾರತದಿಂದ ತಂಡವೊಂದು ಆಯ್ಕೆಗೊಂಡು ಹೊರಟುದು 1920ರಲ್ಲಿಯೇ ಮೊದಲು. ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರಕ್ಕೆ ಹಡಗಿನ ಮೂಲಕ ಸಾಗಿದ ಆ ಸಣ್ಣ ತಂಡದಲ್ಲಿ ಬಂಗಾಳದ ಪೂರ್ಮ ಬ್ಯಾನರ್ಜಿ, ಸದಾಶಿವ ದಾತಾರ್, ಕುಸ್ತಿಪಟುಗಳಾದ ಕುಮಾರ ನವಲೆ ಮತ್ತು ರಣಧೀರ ಶಿಂದೆ ಇವರೊಡನೆ ನಮ್ಮ ಚೌಗುಲೆಯವರೂ ಇದ್ದರು. ಕುಸ್ತಿಯಲ್ಲಿ ಶಿಂದೆಯವರು ಪದಕದ ಅಂಚಿಗೆ ಹೋಗಿ ನಾಲ್ಕನೆಯವರಾದರು. ಚೌಗುಲೆಯವರು 10,000 ಮೀಟರ್ ಓಟದಲ್ಲಿ ಅಂತಿಮ ಸುತ್ತನ್ನು ಮುಟ್ಟಲಿಲ್ಲ. ಅವರ ನಿಜವಾದ ಪರೀಕ್ಷೆ 1920ರ ಆಗಸ್ಟ್ 22ರಂದು ನಡೆದ ಮ್ಯಾರಥಾನ್ ಆಗಿತ್ತು.

ಇಂದು ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್ ಎಂದು ನಿಗದಿಯಾಗಿದೆ. ಆಂಟ್ವರ್ಪಿನ ದಾರಿ 42.75 ಕಿಲೋಮೀಟರ್ ಇದ್ದಿತು. ಒಲಿಂಪಿಕ್ ಚರಿತ್ರೆಯಲ್ಲಿ ಅದಕ್ಕಿಂತ ಉದ್ದನೆಯ ಮ್ಯಾರಥಾನ್ ನಡೆದಿಲ್ಲ. ನಮ್ಮವರಿಗೆ ತಿಳಿಯುವಂತೆ ಹೇಳುವುದಾದರೆ, ಹೆಚ್ಚುಕಡಿಮೆ ಬೈಲಹೊಂಗಲದಿಂದ ಬೆಳಗಾವಿಯವರೆಗೆ ನಿಲ್ಲದೆ ಓಡಿದಂತೆ. ಅಂದು ತಂಪು ಹವೆ, ಜಿಟಿಜಿಟಿ ಮಳೆ. ಹೊರಟವರು 48 ಮಂದಿ, ಗುರಿ ಮುಟ್ಟಿದವರು 35 ಮಂದಿ. ಒಡನಾಡಿ ದಾತಾರರೂ ಸೇರಿ 13 ಮಂದಿ ನಡುದಾರಿಯಲ್ಲಿ ನಿಂತರು. ಫಿನ್ಲೆಂಡಿನ ಹಾನ್ನೆಸ್ ಕೋಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಗೆದ್ದರು. ಬೆಳಗಾವಿಯ ಚೌಗುಲೆ 2 ಗಂಟೆ 50 ನಿಮಿಷ 45.4 ಸೆಕೆಂಡುಗಳಲ್ಲಿ ಹತ್ತೊಂಬತ್ತನೆಯವರಾಗಿ ಬಂದರು.

ಹತ್ತೊಂಬತ್ತನೆಯ ಸ್ಥಾನವೆಂದರೆ ಮೂಗು ಮುರಿಯುವವರೂ ಇರಬಹುದು. ಪದಕದ ಪಟ್ಟಿಯನ್ನಷ್ಟೇ ನೋಡುವವರಿಗೆ ಅದು ಸೋಲು. ಆದರೆ ಲೆಕ್ಕ ಹಾಕಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅವರ ಒಟ್ಟು ವೇಳೆಯನ್ನು ದೂರಕ್ಕೆ ಭಾಗಿಸಿದರೆ ಪ್ರತಿ ಕಿಲೋಮೀಟರಿಗೆ ಸರಿಸುಮಾರು 4 ನಿಮಿಷ ಬರುತ್ತದೆ, ಅಂದರೆ ಗಂಟೆಗೆ 15 ಕಿಲೋಮೀಟರ್. ಅದೇ ವೇಗದಲ್ಲಿ ಇಂದಿನ ನಿಗದಿತ ದೂರವನ್ನು ಓಡಿದ್ದರೆ 2 ಗಂಟೆ 48 ನಿಮಿಷ 32 ಸೆಕೆಂಡುಗಳ ಸುಮಾರಿಗೆ ಮುಗಿಸುತ್ತಿದ್ದರು. ನಮ್ಮ ಶಾಲೆಯ ಚುರುಕಾದ ಹುಡುಗನೊಬ್ಬ ಈ ವೇಗದಲ್ಲಿ ಒಂದು ಕಿಲೋಮೀಟರ್ ಓಡಬಲ್ಲ. ಚೌಗುಲೆಯವರು ಅಂತಹ 42ಕ್ಕೂ ಹೆಚ್ಚು ಕಿಲೋಮೀಟರುಗಳನ್ನು ಒಂದರ ಮೇಲೊಂದರಂತೆ ಓಡಿದರು.

ಈ ಸಾಮರ್ಥ್ಯ ದೇಹದಲ್ಲಿ ಎಲ್ಲಿಂದ ಬರುತ್ತದೆ? ಚೌಗುಲೆಯವರು ಓಡಿದ ಕಾಲದಲ್ಲಿಯೇ ಯುರೋಪಿನ ಪಂಡಿತರು ಈ ಪ್ರಶ್ನೆಯ ಬೆನ್ನು ಹತ್ತಿದ್ದರು ಎಂಬುದು ಸ್ವಾರಸ್ಯಕರವಾದ ಸಂಗತಿ. 1920ರ ನೊಬೆಲ್ ಪ್ರಶಸ್ತಿಯನ್ನು ವೈದ್ಯವಿಜ್ಞಾನದಲ್ಲಿ ಪಡೆದವರು ಡೆನ್ಮಾರ್ಕಿನ ಆಗಸ್ಟ್ ಕ್ರೋಗ್. ಸ್ನಾಯುಗಳೊಳಗಿನ ಕೂದಲೆಳೆಗಿಂತ ತೆಳುವಾದ ಲೋಮನಾಳಗಳು ಅಗತ್ಯಕ್ಕೆ ತಕ್ಕಂತೆ ತೆರೆದು ರಕ್ತವನ್ನು ಹರಿಸುತ್ತವೆ ಎಂಬುದನ್ನು ಅವರು ತೋರಿಸಿದರು. 1922ರ ಪ್ರಶಸ್ತಿಯನ್ನು ಹಂಚಿಕೊಂಡವರು ಇಂಗ್ಲೆಂಡಿನ ಆರ್ಚಿಬಾಲ್ಡ್ ಹಿಲ್ ಮತ್ತು ಜರ್ಮನಿಯ ಓಟ್ಟೊ ಮೇಯರ್‌ಹಾಫ್. ಹಿಲ್ ಸ್ವತಃ ಓಟಗಾರರು. ಬಿಟ್ಟ ಉಸಿರನ್ನು ಚೀಲದಲ್ಲಿ ಹಿಡಿದು ಅಳೆದು, ಮನುಷ್ಯದೇಹ ಒಂದು ನಿಮಿಷದಲ್ಲಿ ಬಳಸಬಲ್ಲ ಆಮ್ಲಜನಕಕ್ಕೆ ಒಂದು ಗರಿಷ್ಠ ಮಿತಿಯಿದೆಯೆಂದು 1923ರ ಸುಮಾರಿಗೆ ಅವರು ಪ್ರತಿಪಾದಿಸಿದರು.

ಅನಂತರದ ಸಂಶೋಧನೆಗಳ ಸಾರವನ್ನು ಸಂಗ್ರಹಿಸಿ ಹೇಳುವುದಾದರೆ, ನಮ್ಮವರು ದಮ್ಮು ಎನ್ನುವ ಗುಣದಲ್ಲಿ ಮೂರು ಅಂಶಗಳಿವೆ. ದೇಹ ಗರಿಷ್ಠವಾಗಿ ಎಷ್ಟು ಆಮ್ಲಜನಕವನ್ನು ಬಳಸಬಲ್ಲುದು ಎಂಬುದು ಮೊದಲನೆಯದು. ಆ ಗರಿಷ್ಠದಲ್ಲಿ ಎಷ್ಟು ಪಾಲನ್ನು ಸೋಲದೆ ಬಹುಕಾಲ ನಡೆಸಿಕೊಂಡು ಹೋಗಬಲ್ಲುದು ಎಂಬುದು ಎರಡನೆಯದು. ಅಷ್ಟೇ ಆಮ್ಲಜನಕದಿಂದ ಎಷ್ಟು ದೂರ ಕ್ರಮಿಸಬಲ್ಲುದು, ಅಂದರೆ ಓಟದ ಮಿತವ್ಯಯ ಹೇಗಿದೆ ಎಂಬುದು ಮೂರನೆಯದು.

ಮೊದಲನೆಯದಕ್ಕೆ ಹೃದಯವೂ ರಕ್ತವೂ ಆಧಾರ. ವರ್ಷಾನುಗಟ್ಟಲೆ ಓಡಿದವನ ಹೃದಯದ ಕೋಣೆಗಳು ಹಿಗ್ಗಿ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರದೂಡುತ್ತವೆ. ಆದ್ದರಿಂದಲೇ ಸಾಮಾನ್ಯನ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 70ರಂತೆ ಮಿಡಿದರೆ, ಪಳಗಿದ ದೀರ್ಘಧಾವಕನದು 40 ಅಥವಾ 50ರಂತೆ ಮಿಡಿಯುತ್ತದೆ. ಎರಡನೆಯದಕ್ಕೆ ಸ್ನಾಯುಗಳೇ ಆಧಾರ. ಸ್ನಾಯುವಿನ ಕಣಗಳೊಳಗೆ ಮೈಟೊಕಾಂಡ್ರಿಯಾ ಎಂಬ ಅತಿಸೂಕ್ಷ್ಮ ಅಂಗಗಳಿವೆ. ಆಹಾರಾಂಶವನ್ನು ಆಮ್ಲಜನಕದೊಡನೆ ಉರಿಸಿ ಶಕ್ತಿಯನ್ನು ಕೊಡುವ ಒಲೆಗಳೆಂದು ಅವುಗಳನ್ನು ತಿಳಿಯಬಹುದು. ನಿತ್ಯದ ಓಟದಿಂದ ಈ ಒಲೆಗಳು ಹೆಚ್ಚುತ್ತವೆಂಬುದನ್ನು ಅಮೆರಿಕದ ಜಾನ್ ಹಾಲೊಸಿ 1967ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಮೂರನೆಯದಕ್ಕೆ ಹಗುರವಾದ ಕಾಲು, ಸ್ಪ್ರಿಂಗಿನಂತೆ ಪುಟಿಯುವ ಹಿಮ್ಮಡಿಯ ಸ್ನಾಯುರಜ್ಜು, ಪೋಲಿಲ್ಲದ ಹೆಜ್ಜೆ ಇವು ಆಧಾರ. ದೀರ್ಘಧಾವಕರು ಪೈಲವಾನರಂತೆ ಮೈತುಂಬಿಕೊಂಡಿರದೆ ಸಣಕಲಾಗಿ ಕಾಣುವುದರ ಮರ್ಮ ಇದು.

ಈ ಅಳತೆಗೋಲಿನಿಂದ ಚೌಗುಲೆಯವರನ್ನು ನೋಡೋಣ. ಅವರ ನಾಡಿಯನ್ನಾಗಲಿ ಉಸಿರನ್ನಾಗಲಿ ಅಳೆಯುವ ಪದ್ಧತಿ ಅಂದಿನ ಪಂದ್ಯಗಳಲ್ಲಿ ಇರಲಿಲ್ಲ. ಆದರೆ ಗಡಿಯಾರ ಅಳೆದಿದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಓಡಲು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ಆಮ್ಲಜನಕ ಬೇಕು. ಪಳಗದ ಸಾಮಾನ್ಯ ತರುಣನ ಗರಿಷ್ಠ ಮಿತಿಯೇ 40ರಿಂದ 45. ಮೂರು ಗಂಟೆಗಳಷ್ಟು ಕಾಲ ಗರಿಷ್ಠದ ನೂರಕ್ಕೆ 80ರಷ್ಟನ್ನು ನಡೆಸುವುದೇ ಒಳ್ಳೆಯ ಓಟಗಾರನ ಲಕ್ಷಣ. ಹಾಗಾದರೆ ಚೌಗುಲೆಯವರ ಮಿತಿ 60ಕ್ಕೆ ಕಡಿಮೆಯಿರಲಾರದು ಎಂದು ಊಹಿಸಬಹುದು. ಇಂದಿನ ಜಗದ್ವಿಖ್ಯಾತರಲ್ಲಿ ಇದು 70ರಿಂದ 85ರವರೆಗೆ ಕಂಡುಬರುತ್ತದೆ.

ಇಂಧನದ ಪ್ರಶ್ನೆಯೂ ಉಂಟು. ಓಟದಲ್ಲಿ ಒಂದು ಕಿಲೋಗ್ರಾಂ ತೂಕವನ್ನು ಒಂದು ಕಿಲೋಮೀಟರ್ ಸಾಗಿಸಲು ಸುಮಾರು ಒಂದು ಕಿಲೋಕ್ಯಾಲರಿ ತಗಲುತ್ತದೆ. 55 ಕಿಲೋ ತೂಗುವವನಿಗೆ ಆಂಟ್ವರ್ಪಿನ ದಾರಿ 2,300ಕ್ಕೂ ಮಿಕ್ಕಿ ಕಿಲೋಕ್ಯಾಲರಿಗಳನ್ನು ಬೇಡುತ್ತದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯಿಂದ ದೊರೆಯುವುದು 2,000ದ ಒಳಗೇ. ಉಳಿದುದನ್ನು ಕೊಬ್ಬಿನಿಂದ ಪಡೆಯಬೇಕು. ಪಳಗಿದ ಸ್ನಾಯು ಮೊದಲಿನಿಂದಲೂ ಕೊಬ್ಬನ್ನು ಬೆರೆಸಿ ಉರಿಸುತ್ತ ಸಕ್ಕರೆಯನ್ನು ಉಳಿಸಿಕೊಳ್ಳುತ್ತದೆ. ಪಳಗದ ಸ್ನಾಯು ದುಂದುಗಾರನಂತೆ ಬೇಗನೆ ಬರಿದಾಗುತ್ತದೆ. 1924ರ ಬಾಸ್ಟನ್ ಮ್ಯಾರಥಾನಿನಲ್ಲಿ ಸೋತು ಸುಣ್ಣವಾಗಿ ಬಂದವರ ರಕ್ತವನ್ನು ವೈದ್ಯರು ಪರೀಕ್ಷಿಸಿದಾಗ ಸಕ್ಕರೆಯ ಅಂಶ ಬಹಳ ಇಳಿದಿದ್ದುದು ಕಂಡಿತು. ಮರುವರ್ಷ ದಾರಿಯಲ್ಲಿ ಸಿಹಿ ತಿನ್ನಿಸಿದಾಗ ಸ್ಥಿತಿ ಸುಧಾರಿಸಿತು. ಚೌಗುಲೆಯವರು ಓಡಿದಾಗ ಈ ಜ್ಞಾನ ಇನ್ನೂ ನಾಲ್ಕು ವರ್ಷ ದೂರದಲ್ಲಿತ್ತು.

ಹಾಗಾದರೆ ವಿಜೇತರಿಗೂ ಅವರಿಗೂ 18 ನಿಮಿಷಗಳ ಅಂತರ ಏಕೆ ಬಂದಿತು? ಕಿಲೋಮೀಟರಿಗೆ ಅದು ಸುಮಾರು 25 ಸೆಕೆಂಡು. ಕೋಲೆಹ್ಮೈನೆನ್ 1912ರಲ್ಲಿಯೇ ಮೂರು ಚಿನ್ನದ ಪದಕಗಳನ್ನು ಗೆದ್ದಿದ್ದ, ಮೂವತ್ತು ವಯಸ್ಸಿನ ಅನುಭವಿ. ಸ್ಪರ್ಧೆಯ ಪರಂಪರೆಯಿದ್ದ ನಾಡಿನಲ್ಲಿ ಅನೇಕ ವರ್ಷ ಪಳಗಿದ ಹೃದಯ ಅವರದು. ನಮ್ಮ ತರುಣನ ಬೆನ್ನಿಗೆ ಅಂತಹ ಪರಂಪರೆಯಿರಲಿಲ್ಲ. ದೇಹಪ್ರಕೃತಿಯ ಪಾತ್ರವೂ ಇಲ್ಲವೆಂದಲ್ಲ. 1990ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಕುಟುಂಬಗಳನ್ನು ಕೂಡಿಸಿ ನಡೆಸಿದ ಅಧ್ಯಯನದಲ್ಲಿ, ತಾಲೀಮಿನಿಂದ ಆಗುವ ಸುಧಾರಣೆಯ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ವಂಶದಿಂದ ಬರುತ್ತದೆಂದು ಕಂಡುಬಂದಿತು. ಆದರೆ ಉಳಿದ ಅರ್ಧ ಅನ್ನ, ಅಭ್ಯಾಸ ಮತ್ತು ಅವಕಾಶಗಳಿಗೆ ಸೇರಿದುದು. ಬೀಜ ಎಷ್ಟೇ ಒಳ್ಳೆಯದಾದರೂ ಹದವರಿತ ಮಳೆ ಬೇಕಲ್ಲವೇ? ಮುಂದೆ ಸೇನೆಯಲ್ಲಿದ್ದ ಶಿವನಾಥ ಸಿಂಗ್ ಅವರು 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹನ್ನೊಂದನೆಯವರಾಗಿ, 1978ರಲ್ಲಿ ಜಾಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಓಟ ಮುಗಿಸಿದುದು ಇದಕ್ಕೆ ಸಾಕ್ಷಿ.

ಆಂಟ್ವರ್ಪಿನಿಂದ ಮರಳಿದ ಬಳಿಕ ಚೌಗುಲೆಯವರ ಹೆಸರು ಬರಬರುತ್ತ ಜನಮನದಿಂದ ಹಿಂದೆ ಸರಿಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ರೂಪುಗೊಂಡು ದೊರಾಬ್ಜಿ ಟಾಟಾ ಅವರೇ ಅದರ ಮೊದಲ ಅಧ್ಯಕ್ಷರಾದರು. 1928ರಲ್ಲಿ ಹಾಕಿ ತಂಡ ಚಿನ್ನ ತಂದಿತು. ಆ ಹೊಳಪಿನಲ್ಲಿ ಮೊದಲ ದಾರಿ ತುಳಿದವರ ಹೆಜ್ಜೆ ಮಸುಕಾಯಿತು. ಅವರು ಗತಿಸಿ ಹಲವು ದಶಕಗಳೇ ಸಂದಿವೆ. ಬೆಳಗಾವಿ ಜಿಲ್ಲೆಯ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಅವರ ಹೆಸರು ಬಲ್ಲವರು ಎಷ್ಟು ಮಂದಿ ಎಂದು ಎಣಿಸಿದರೆ ನಾವು ತಲೆ ತಗ್ಗಿಸಬೇಕಾದೀತು.

ಈ ಚರಿತ್ರೆಯಿಂದ ಶಿಕ್ಷಕರಾದ ನಾವು ಕಲಿಯಬೇಕಾದುದು ಸ್ಪಷ್ಟ. ನಮ್ಮ ಶಾಲೆಗಳ ಕ್ರೀಡಾದಿನದಲ್ಲಿ 100 ಮೀಟರ್ ಓಟಕ್ಕೆ ಸಿಗುವ ಮನ್ನಣೆ ದೂರದ ಓಟಕ್ಕಿಲ್ಲ. 100 ಮೀಟರಿನಲ್ಲಿ ಹಿಂದುಳಿದ ಬಡಕಲು ಹುಡುಗನನ್ನು ಆಟಕ್ಕೆ ಬಾರದವನೆಂದು ಬದಿಗಿಡುತ್ತೇವೆ. ದಿನವೂ ಹೊಲದ ಬದುವಿನಲ್ಲಿ ಮೈಲುಗಟ್ಟಲೆ ನಡೆದು ಶಾಲೆಗೆ ಬರುವ ಅವನ ಎದೆಯಲ್ಲಿ ಎಂತಹ ಹೃದಯವಿದೆಯೆಂದು ನೋಡುವುದಿಲ್ಲ. ಇನ್ನೊಂದು ಮಾತನ್ನು ಮರೆಯಬಾರದು. ಆಮ್ಲಜನಕವನ್ನು ಹೊರುವುದು ರಕ್ತದೊಳಗಿನ ಹಿಮೋಗ್ಲೋಬಿನ್, ಅದಕ್ಕೆ ಬೇಕಾದುದು ಕಬ್ಬಿಣಾಂಶ. ರಕ್ತಹೀನತೆಯಿರುವ ಮಗುವಿಗೆ, ವಿಶೇಷವಾಗಿ ಬೆಳೆಯುವ ಹೆಣ್ಣುಮಕ್ಕಳಿಗೆ, ದಮ್ಮು ಬರುವುದಾದರೂ ಎಲ್ಲಿಂದ? ಬೇಗನೆ ಏದುಸಿರು ಬಿಡುವ, ಪಾಠದ ನಡುವೆ ತೂಕಡಿಸುವ ಮಗುವನ್ನು ಸೋಮಾರಿಯೆಂದು ಗದರುವ ಮುನ್ನ ಅದರ ಕಣ್ಣಿನ ಕೆಳರೆಪ್ಪೆಯೊಳಗೆ ಬಿಳಿಚಿದೆಯೇ ಎಂದು ನೋಡಿ, ವೈದ್ಯರ ಬಳಿಗೆ ಕಳುಹಿಸುವುದು ಗುರುವಿನ ಧರ್ಮ.

ದಾನಿಗಳಲ್ಲಿಯೂ ಒಂದು ಬಿನ್ನಹ. ಬೆಳ್ಳಿಯ ಬಟ್ಟಲುಗಳು ಕಪಾಟಿನಲ್ಲಿ ಕುಳಿತಿರುತ್ತವೆ. ಅದಕ್ಕಿಂತ ಅಳತೆ ಹಾಕಿದ 400 ಮೀಟರಿನ ಓಟದ ಪಥ, ಒಂದೆರಡು ನಿಖರವಾದ ಗಡಿಯಾರಗಳು, ಓಡುವ ಮಕ್ಕಳಿಗೆ ಜೋಳದ ರೊಟ್ಟಿಯ ಜೊತೆಗೆ ಕಾಳು, ಸೊಪ್ಪು, ಶೇಂಗಾ, ಹಾಲು ಇವುಗಳ ಏರ್ಪಾಡು ಹೆಚ್ಚು ಫಲ ಕೊಟ್ಟಾವು. ಪುಣೆಯ ಆ ಕಲ್ಲುದಾರಿಯಲ್ಲಿ ಬರಿಗಾಲ ಹುಡುಗರನ್ನು ನಿಂತು ನೋಡಿ, ಇವರ ವೇಳೆ ಎಷ್ಟೆಂದು ವಿಚಾರಿಸಿದ ಒಬ್ಬ ಹಿರಿಯರು ಇದ್ದರು. ಆದ್ದರಿಂದಲೇ ಚೌಗುಲೆಯವರ ಹೆಸರು ಒಲಿಂಪಿಕ್ ದಾಖಲೆಯಲ್ಲಿ ಉಳಿಯಿತು. ಕೇಳುವವರಿಲ್ಲದೆ ಉಳಿದುಹೋದವರೆಷ್ಟೋ. ಹಾಗೆ ನಿಂತು ನೋಡುವ ಕಣ್ಣು ನಮ್ಮ ಶಾಲೆಗಳಲ್ಲಿ ತೆರೆದರೆ, ಅದೇ ಆ ದೀರ್ಘಧಾವಕನಿಗೆ ಸಲ್ಲಿಸುವ ಸಾರ್ಥಕ ಗೌರವ.