ಕೊಳೆರೋಗದ ಬೆನ್ನು ಹತ್ತಿದ ಕೋಲ್ಮನ್

ಆಟಿ ತಿಂಗಳ ಮಳೆ ಒಂದೆರಡು ದಿನ ಬಿಡುವು ಕೊಟ್ಟಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಿಕೆ ತೋಟಗಳಲ್ಲಿ ಗಡಿಬಿಡಿ ಆರಂಭವಾಗುತ್ತದೆ. ಮೈಲುತುತ್ತು ಕರಗಿಸುವವರು ಒಂದೆಡೆ, ಸುಣ್ಣ ಕಲಸುವವರು ಇನ್ನೊಂದೆಡೆ. ಮರ ಏರುವವರಿಗಾಗಿ ಫೋನಿನ ಮೇಲೆ ಫೋನು. ಮೋಡ ಮತ್ತೆ ಕವಿಯುವುದರೊಳಗೆ ಗೊನೆಗಳಿಗೆ ಬೋರ್ಡೋ ದ್ರಾವಣ ಬೀಳಬೇಕು. ತಪ್ಪಿದರೆ ಮಹಾಳಿ, ಅಂದರೆ ಕೊಳೆರೋಗ, ವರ್ಷದ ದುಡಿಮೆಯನ್ನು ನೆಲಕ್ಕೆ ಉದುರಿಸುತ್ತದೆ. 2018ರ ಮಳೆಗಾಲ ಇದನ್ನು ಈ ಸೀಮೆಯ ಬೆಳೆಗಾರರಿಗೆ ಕಠೋರವಾಗಿಯೇ ನೆನಪಿಸಿತು.

ಈ ಸಿಂಪಡಣೆಯ ಹಿಂದೆ ಕೆನಡಾದ ವಿಜ್ಞಾನಿಯೊಬ್ಬನ ಶ್ರಮವಿದೆ. ಅವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ರೂಪ ಕೊಟ್ಟ ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಮಂಡ್ಯದ ಕಡೆ ಅವರ ಹೆಸರು ಇನ್ನೂ ಕೇಳಿಬರುತ್ತದೆ. ಅವರ ಸಂಶೋಧನೆಯ ಫಲವನ್ನು ಪ್ರತಿ ಮಳೆಗಾಲದಲ್ಲೂ ಉಣ್ಣುವ ಕರಾವಳಿಯಲ್ಲಿ ಮಾತ್ರ ಅದು ಬಹುತೇಕ ಅಪರಿಚಿತ.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪದವಿ, ಜರ್ಮನಿಯ ಗಾಟಿಂಗೆನ್‌ನಲ್ಲಿ ಡಾಕ್ಟರೇಟ್. 1908ರಲ್ಲಿ, ಮೂವತ್ತರ ಆಸುಪಾಸಿನಲ್ಲಿ, ಮೈಸೂರಿಗೆ ಶಿಲೀಂಧ್ರತಜ್ಞ ಹಾಗೂ ಕೀಟತಜ್ಞರಾಗಿ ಬಂದರು. ಆಗ ಇಲ್ಲಿ ಇಲಾಖೆ ಎನ್ನುವಂಥದ್ದು ಇನ್ನೂ ಮೊಳಕೆಯ ಸ್ಥಿತಿಯಲ್ಲಿತ್ತು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಕೊಟ್ಟ 30 ಎಕರೆಯ ಪ್ರಯೋಗ ಕ್ಷೇತ್ರ, ಡಾ. ಲೆಹ್ಮನ್ ಅವರ ರಸಾಯನ ಪ್ರಯೋಗಾಲಯ, ಇಷ್ಟೇ ಬಂಡವಾಳ.

ಹೊಸಬರಿಗೆ ಎದುರಾದ ಮೊದಲ ದೊಡ್ಡ ಸವಾಲುಗಳಲ್ಲಿ ಮಲೆನಾಡಿನ ಕೊಳೆರೋಗವೂ ಒಂದು. ಪೂಸಾದ ಬಟ್ಲರ್ ಅದನ್ನು ಆಗಲೇ ಗಮನಿಸಿದ್ದರು. ಬೆಳೆಗಾರರೂ ಕೈಕಟ್ಟಿ ಕುಳಿತಿರಲಿಲ್ಲ. ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವ ಉಪಾಯ ಅವರದೇ. ಕೋಲ್ಮನ್ ರೋಗಕಾರಕದ ಜೀವನಚಕ್ರವನ್ನೇ ಬೆನ್ನು ಹತ್ತಿ, 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅದು ಫೈಟಾಫ್ತೊರ ಕುಲಕ್ಕೆ ಸೇರಿದ್ದು, ಅದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು, ಮಳೆಗಾಳಿಯೊಂದಿಗೆ ಗೊನೆಯಿಂದ ಗೊನೆಗೆ ಹಾರಬಲ್ಲವು. ಪ್ರಭೇದ ಯಾವುದೆಂಬ ಬಗ್ಗೆ ವಿಜ್ಞಾನಿಗಳ ಅಭಿಪ್ರಾಯ ಮುಂದೆ ಬದಲಾಗಿದೆ. ಇತ್ತೀಚಿನ ಅಧ್ಯಯನಗಳು ಮೀಡಿಯೈ ಎಂಬ ಪ್ರಭೇದದತ್ತ ಬೊಟ್ಟು ಮಾಡುತ್ತವೆ. ಆದರೆ ಮದ್ದು ಬದಲಾಗಿಲ್ಲ.

ಆ ಮದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ್ದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಇದು ಬಂದ ರೋಗವನ್ನು ಗುಣಪಡಿಸುವುದಿಲ್ಲ. ಕಾಯಿಯ ಮೇಲೆ ತಾಮ್ರದ ತೆಳು ಪದರವಾಗಿ ಕುಳಿತು ಬೀಜಾಣು ಮೊಳೆಯದಂತೆ ತಡೆಯುತ್ತದೆ, ಅಷ್ಟೇ. ಆದ್ದರಿಂದಲೇ ಮುಂಗಾರಿಗೆ ಮುನ್ನ ಒಮ್ಮೆ, 40–45 ದಿನಗಳ ಬಳಿಕ ಮತ್ತೊಮ್ಮೆ ಎಂಬ ಲೆಕ್ಕ. ಇನ್ನೊಂದು ತೊಡಕೂ ಇದೆ: ಒಬ್ಬರು ಸಿಂಪಡಿಸಿ ಪಕ್ಕದವರು ಬಿಟ್ಟರೆ ರೋಗ ಬೇಲಿ ದಾಟಿ ಬರುತ್ತದೆ. ಅಂದಮೇಲೆ ಇದು ಪ್ರಯೋಗಾಲಯದಲ್ಲಿ ಮುಗಿಯುವ ಕೆಲಸವಲ್ಲ. ಊರೂರಿಗೆ ಹೋಗಿ ತೋರಿಸುವ, ಒಪ್ಪಿಸುವ ಸಂಸ್ಥೆಯೊಂದು ಬೇಕು. ಸರ್ಕಾರಕ್ಕೆ ಕೃಷಿ ಇಲಾಖೆ ಯಾಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತೋಚುವುದಿಲ್ಲ.

1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕೋಲ್ಮನ್ ಹೊಸ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಇಂದಿನ ಕೃಷಿ ವಿಶ್ವವಿದ್ಯಾಲಯದ ಬೇರುಗಳಿರುವುದು ಅಲ್ಲಿಯೇ. ಮುಂದಿನ ಎರಡು ದಶಕಗಳ ಕೆಲಸವನ್ನು ಇಲ್ಲಿ ಪೂರ್ತಿ ಹೇಳಲಾಗದು. ರಾಗಿ ತಳಿಗಳ ಸುಧಾರಣೆ, ಗಂಧದ ಮರಗಳ ಸ್ಪೈಕ್ ರೋಗದ ಅಧ್ಯಯನ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಕಬ್ಬಿನ ತಳಿಗಳು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ, ಎಲ್ಲದರಲ್ಲೂ ಅವರ ಕೈಯಿದೆ. ಅವರು ಅಧ್ಯಯನ ಮಾಡಿದ ರೆಕ್ಕೆಯಿಲ್ಲದ ದಖ್ಖನಿ ಮಿಡತೆಗೆ ಶಾಸ್ತ್ರಜ್ಞರು ಕೋಲ್ಮೇನಿಯಾ ಎಂದೇ ಹೆಸರಿಟ್ಟರು. ಬೆಳೆ ತಿನ್ನುವ ಕೀಟವೊಂದರಲ್ಲಿ ಹೆಸರು ಉಳಿಯುವುದು ಕೀಟತಜ್ಞರಿಗಷ್ಟೇ ದಕ್ಕುವ ಗೌರವ!

ಕುಂಞಿ ಕಣ್ಣನ್, ಎಂ. ಜೆ. ನರಸಿಂಹನ್ ಅವರಂಥ ಭಾರತೀಯ ವಿಜ್ಞಾನಿಗಳು ಅವರ ಇಲಾಖೆಯಲ್ಲೇ ಬೆಳೆದರು. ವಿದೇಶಿ ತಜ್ಞ ಊರಿಗೆ ಮರಳಿದ ಮೇಲೂ ಸಂಶೋಧನೆ ನಿಲ್ಲದಿದ್ದುದಕ್ಕೆ ಇಂಥವರೇ ಕಾರಣ. 1934ರಲ್ಲಿ ನಿವೃತ್ತರಾದ ಕೋಲ್ಮನ್ ಕೆನಡಾಕ್ಕೆ ಹಿಂತಿರುಗಿ, ವರ್ಣತಂತುಗಳ ಅಧ್ಯಯನದಲ್ಲಿ ತೊಡಗಿ, 1954ರಲ್ಲಿ ತೀರಿಕೊಂಡರು.

ಅವರ ಕಾಲದಲ್ಲಿ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು; ಕೋಲ್ಮನ್ ಇಲಾಖೆಗೆ ಇಲ್ಲಿ ಅಧಿಕಾರವಿರಲಿಲ್ಲ. ಆದರೆ ಚಾರ್ಮಾಡಿಯ ಆಚೆಗೂ ಈಚೆಗೂ ರೋಗ ಒಂದೇ ಆಗಿತ್ತು. ಅವರು ತೀರಿಕೊಂಡ ಎರಡು ವರ್ಷಕ್ಕೆ, 1956ರಲ್ಲಿ, ಈ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಅದೇ ವರ್ಷ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಮಂಗಳಾ ತಳಿ ಹೊರಬಂದದ್ದು ಅಲ್ಲಿಂದಲೇ. 1973ರಲ್ಲಿ ಇದೇ ತಾಲೂಕಿನ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೊ ಹುಟ್ಟಿ, ಮಾರುಕಟ್ಟೆಯ ಚಿಂತೆಯನ್ನು ಬೆಳೆಗಾರರು ತಾವೇ ಹೊತ್ತರು.

ಈ ನಡುವೆ ಇಲಾಖೆ ಕವಲೊಡೆಯಿತು. 1960ರ ದಶಕದಲ್ಲಿ ತೋಟಗಾರಿಕೆ ಪ್ರತ್ಯೇಕವಾಯಿತು. ಸಂಶೋಧನೆ, ಶಿಕ್ಷಣ ವಿಶ್ವವಿದ್ಯಾಲಯಕ್ಕೆ ಹೋದವು. ವಿಶೇಷಜ್ಞತೆ ಬೆಳೆದಂತೆ ಇದು ಅನಿವಾರ್ಯವೇ ಇರಬಹುದು. ಪರಿಣಾಮವೆಂದರೆ, ಒಂದೇ ಮನೆಯ ಗದ್ದೆಗೆ ಒಂದು ಕಚೇರಿ, ಅದರ ಅಂಚಿನ ಅಡಿಕೆಗೆ ಇನ್ನೊಂದು. 2000ದ ಸುಮಾರಿಗೆ ಹೋಬಳಿಗೊಂದರಂತೆ ತೆರೆದ ರೈತ ಸಂಪರ್ಕ ಕೇಂದ್ರಗಳು ಬೀಜ, ಸಬ್ಸಿಡಿ, ಅರ್ಜಿಗಳ ಕೆಲಸವನ್ನು ಹತ್ತಿರ ತಂದಿವೆ. ರೈತ ಕೇಂದ್ರಕ್ಕೆ ಹೋಗುತ್ತಾನೆ. ಅಧಿಕಾರಿ ತೋಟಕ್ಕೆ ಬರುವುದು ವಿರಳವಾಗಿದೆ.

ಬೆಳ್ತಂಗಡಿಯ ಘಟ್ಟದ ಬುಡದ ಗ್ರಾಮಗಳಲ್ಲಿ ನಡೆದುನೋಡಿದರೆ ಇದರ ಅರ್ಥವಾಗುತ್ತದೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಕೆಲವರು ನೆಲದಲ್ಲಿ ನಿಂತೇ ಸಿಂಪಡಿಸುತ್ತಾರೆ. ಅದರ ಪಕ್ಕದಲ್ಲೇ, ಮಕ್ಕಳು ಬೆಂಗಳೂರಿಗೋ ದುಬೈಗೋ ಹೋಗಿ ವೃದ್ಧರಷ್ಟೇ ಉಳಿದ ತೋಟವಿರುತ್ತದೆ. ಹೋದ ವರ್ಷದ ರೋಗ ತಗುಲಿದ ಗೊನೆಗಳು ಮರದಲ್ಲೇ ಒಣಗಿ ನೇತಾಡುತ್ತಿರುತ್ತವೆ. ಮೊದಲ ಮಳೆಗೆ ಬೀಜಾಣು ಮತ್ತೆ ಹೊರಡುವುದು ಅಲ್ಲಿಂದಲೇ.