ಶೇಠ್ ವಾಲ್‌ಚಂದರೂ ಬೆಂಗಳೂರಿನ ವಿಮಾನ ಕಾರ್ಖಾನೆಯೂ

ಬೆಂಗಳೂರಿನ ಮೂಡಣ ಭಾಗದಲ್ಲಿ ಹರಡಿಕೊಂಡಿರುವ ವಿಮಾನ ಕಾರ್ಖಾನೆಯನ್ನು ಕಾಣದವರು ವಿರಳ. ಅದಕ್ಕೆ ಮೊದಲು ಹಣ ಹೂಡಿದ ಸೊಲ್ಲಾಪುರದ ವರ್ತಕರನ್ನು ನೆನೆಯುವವರು ಇನ್ನೂ ವಿರಳ. ಶೇಠ್ ವಾಲ್‌ಚಂದ್ ಹೀರಾಚಂದರ ಚರಿತ್ರೆಯನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ವಾಲ್‌ಚಂದರು 1882ರಲ್ಲಿ ಸೊಲ್ಲಾಪುರದ ಜೈನ ಮನೆತನವೊಂದರಲ್ಲಿ ಜನಿಸಿದರು. ಮನೆತನದ ಲೇವಾದೇವಿ ಮತ್ತು ಹತ್ತಿಯ ವ್ಯಾಪಾರದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ರೈಲ್ವೆಯ ಮಾಜಿ ಗುಮಾಸ್ತರಾದ ಲಕ್ಷ್ಮಣರಾವ್ ಫಾಟಕರೊಡನೆ ಕೂಡಿ ರೈಲ್ವೆ ಗುತ್ತಿಗೆಗಳನ್ನು ಹಿಡಿದರು; ಮುಂದೆ ಭೋರ್ ಘಾಟಿನ ಸುರಂಗಗಳನ್ನು ಕೊರೆಯಿಸಿ ಹೆಸರು ಗಳಿಸಿದರು. 1919ರಲ್ಲಿ ಸಿಂಧಿಯಾ ಹಡಗು ಕಂಪೆನಿಯನ್ನು ಕಟ್ಟಿ, ಆಂಗ್ಲ ಕಂಪೆನಿಗಳ ಸ್ಪರ್ಧೆಯನ್ನು ಎದುರಿಸಿ ನಿಂತವರಲ್ಲಿ ಅಗ್ರಗಣ್ಯರಾದರು. ಸರ್ಕಾರದ ಗುತ್ತಿಗೆಯಿಂದ ಬರುವ ಲಾಭವನ್ನೂ, ಸರ್ಕಾರದ ಅವಕೃಪೆಯಿಂದ ಒದಗುವ ನಷ್ಟವನ್ನೂ ಅವರು ಹೀಗೆ ಬಾಳಿನಲ್ಲೇ ಕಂಡವರಾಗಿದ್ದರು.

1939ರಲ್ಲಿ ವಿಮಾನಪ್ರಯಾಣದ ಮಧ್ಯೆ ಅವರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನರ ಪರಿಚಯವಾಯಿತು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸಿದ್ದ ಈ ಗೃಹಸ್ಥರ ಮಾತು ಕೇಳಿ, ಅಂತಹುದೇ ಕಾರ್ಖಾನೆಯು ಹಿಂದೂಸ್ಥಾನದಲ್ಲಿ ಏಕಾಗಬಾರದೆಂಬ ಪ್ರಶ್ನೆ ವಾಲ್‌ಚಂದರಲ್ಲಿ ಹುಟ್ಟಿತು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಈ ಯೋಜನೆಯನ್ನು ಆದರದಿಂದ ಬರಮಾಡಿಕೊಂಡರು. ಸಂಸ್ಥಾನವು 700 ಎಕರೆ ಭೂಮಿಯನ್ನು ಉಚಿತವಾಗಿ ಕೊಟ್ಟಿತಲ್ಲದೆ 25 ಲಕ್ಷ ರೂಪಾಯಿಗಳ ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯು ಸ್ಥಾಪಿತವಾಯಿತು. ಮರುವರ್ಷ ಇಂಡಿಯಾ ಸರ್ಕಾರವೂ 25 ಲಕ್ಷ ರೂಪಾಯಿಗಳನ್ನಿತ್ತು ಪಾಲುದಾರನಾಯಿತು.

ಹಾರ್ಲೋ ಶಿಕ್ಷಣ ವಿಮಾನ, ಕರ್ಟಿಸ್ ಹಾಕ್ ಕಾದಾಟದ ವಿಮಾನ, ವಲ್ಟಿ ಬಾಂಬರು ಇವುಗಳಿಗೆ ಬೇಡಿಕೆ ಕೊಟ್ಟುದು ಅದೇ ಸರ್ಕಾರ. ಗಿರಾಕಿಯೂ ಅದೇ, ಪಾಲುದಾರನೂ ಅದೇ, ದೇಶವನ್ನಾಳುತ್ತಿದ್ದ ಪ್ರಭುವೂ ಅದೇ! 1941ರ ಆಗಸ್ಟಿನಲ್ಲಿ ಮೊದಲ ಹಾರ್ಲೋ ವಿಮಾನವು ಮೇಲೆದ್ದಿತು. ಆದರೆ ಜಪಾನೀಯರು ಸಿಂಗಪುರವನ್ನು ಹಿಡಿದು ಬರ್ಮಾದೊಳಕ್ಕೆ ನುಗ್ಗಿದಾಗ ಸರ್ಕಾರದ ಲೆಕ್ಕಾಚಾರ ಬದಲಾಯಿತು. ಹೊಸ ವಿಮಾನಗಳನ್ನು ಕಟ್ಟುವುದಕ್ಕಿಂತ ಇದ್ದವನ್ನು ದುರಸ್ತಿ ಮಾಡುವುದು ಅದಕ್ಕೆ ಮುಖ್ಯವಾಗಿ ತೋರಿತು. 1942ರ ಏಪ್ರಿಲಿನಲ್ಲಿ ವಾಲ್‌ಚಂದರ ಪಾಲನ್ನು ಅದು ಕೊಂಡುಕೊಂಡಿತು. ಮೈಸೂರು ಸಂಸ್ಥಾನವು ಪಾಲನ್ನುಳಿಸಿಕೊಂಡರೂ ಆಡಳಿತವನ್ನು ಬಿಟ್ಟುಕೊಟ್ಟಿತು. ಹದಿನಾರು ತಿಂಗಳೂ ತುಂಬದ ಕೂಸು ಹೆತ್ತವರ ಕೈತಪ್ಪಿ ಹೋಯಿತು.

1943ರಲ್ಲಿ ಕಾರ್ಖಾನೆಯು ಅಮೆರಿಕದ ಸೇನೆಯ ವಿಮಾನಪಡೆಯ ವಶಕ್ಕೆ ಬಂದು ಅದರ 84ನೆಯ ವಿಮಾನ ಡಿಪೋ ಆಯಿತು. ಮೊದಲು ಕ್ಯಾಟಲಿನಾ ಎಂಬ ಕಡಲವಿಮಾನ, ಅನಂತರ ಹಿಂದೂಸ್ಥಾನ ಬರ್ಮಾಗಳಲ್ಲಿ ಹಾರುತ್ತಿದ್ದ ನಾನಾ ಬಗೆಯ ವಿಮಾನಗಳು ಇಲ್ಲಿಗೆ ಬಂದು, ಬಿಚ್ಚಿ ಜೋಡಿಸಲ್ಪಟ್ಟು ಮರಳಿದವು. ಈ ದುಡಿಮೆಯು ಪರರ ಯುದ್ಧಕ್ಕಾಗಿ ನಡೆದುದು ನಿಜ. ಆದರೆ ಕೈಗೆ ಹತ್ತಿದ ವಿದ್ಯೆ ನಮ್ಮವರದಾಗಿಯೇ ಉಳಿಯಿತು. ಯುದ್ಧಾನಂತರ ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದ ಲಿಬರೇಟರ್ ಬಾಂಬರುಗಳಲ್ಲಿ ನಲವತ್ತರಷ್ಟನ್ನು, 1948ರಿಂದ ಮೊದಲ್ಗೊಂಡು, ಬೆಂಗಳೂರಿನ ಕೆಲಸಗಾರರು ಮತ್ತೆ ಹಾರುವಂತೆ ಮಾಡಿ ಸ್ವತಂತ್ರ ಭಾರತದ ವಾಯುಪಡೆಗೆ ಒಪ್ಪಿಸಿದರು. 1951ರ ಆಗಸ್ಟಿನಲ್ಲಿ ಇಲ್ಲಿಯೇ ರೂಪಿತವಾದ ಎಚ್.ಟಿ.-2 ವಿಮಾನವು ಹಾರಿತು. ಅದಾಗಿ ಎರಡು ವರ್ಷ ತುಂಬುವ ಮೊದಲೇ, 1953ರ ಏಪ್ರಿಲಿನಲ್ಲಿ, ವಾಲ್‌ಚಂದರು ತೀರಿಕೊಂಡರು.

ಅವರು ಲಾಭವನ್ನು ಬಯಸದ ವಿರಾಗಿಗಳೆಂದು ನಾವು ಹೇಳೆವು. ಯುದ್ಧಕಾಲದಲ್ಲಿ ಇಂತಹ ಕಾರ್ಖಾನೆಯು ಸರ್ಕಾರದ ಕೈಯಲ್ಲಿರತಕ್ಕದ್ದೆಂಬ ವಾದದಲ್ಲಿಯೂ ಹುರುಳಿಲ್ಲದಿಲ್ಲ. ಆದರೆ ಆಗಿನ ಸರ್ಕಾರವು ನಮ್ಮದಾಗಿರಲಿಲ್ಲ. ಅದರ ಗುತ್ತಿಗೆಯನ್ನೇ ನಂಬಿದ ಉದ್ಯಮವು ಅದರ ಅಗತ್ಯಕ್ಕೆ ತಕ್ಕಂತೆ ಬಾಗಲೇಬೇಕಾಯಿತು. ಗುತ್ತಿಗೆಯನ್ನು ಕೊಟ್ಟವರು ಹಿಂತೆಗೆದುಕೊಳ್ಳಬಲ್ಲರು, ಪಾಲನ್ನು ಕೊಳ್ಳಬಲ್ಲರು. ಕೆಲಸಗಾರನು ಕಲಿತ ಕುಶಲತೆಯನ್ನು ಮಾತ್ರ ಯಾರೂ ಕಸಿಯಲಾರರು. ಆ ಕುಶಲತೆಗೆ ನೆಲೆಯೊದಗಿಸಿದವರಲ್ಲಿ ವಾಲ್‌ಚಂದರು ಮೊದಲಿಗರು. ಆ ಋಣವನ್ನು ಬೆಂಗಳೂರು ಮರೆಯಲಾಗದು.